ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್: ಒಂದು ಜೀವನಚಿತ್ರ

ಗುಳೇದಗುಡ್ಡದ ಖಣಕ್ಕೆ ಮಹಾರಾಷ್ಟ್ರವೇ ದೊಡ್ಡ ಮಾರುಕಟ್ಟೆಯಾಗಿದ್ದ ಕಾಲದಲ್ಲಿ ನಮ್ಮ ಅಂಗಡಿಗೂ ಪುಣೆಯ ಪೇಟೆಗೂ ಬಿಡದ ವ್ಯವಹಾರವಿತ್ತು. ಮಾರಾಟವಾಗದೆ ಮರಳಿ ಬಂದ ಖಣಗಳ ಗಂಟುಗಳನ್ನು ಬಿಚ್ಚುವುದು ಶಾಲೆಗೆ ಹೋಗುತ್ತಿದ್ದ ನನ್ನ ಕೆಲಸ. ಅವುಗಳಿಗೆ ಸುತ್ತಿರುತ್ತಿದ್ದುದು ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳ ರದ್ದಿ. ಒಂದು ದಿನ ಆ ರದ್ದಿಯ ಹಾಳೆಯೊಂದರ ಮೂಲೆಯಲ್ಲಿ ಅಂಗೈಯಗಲದ ಒಂದು ಚಿತ್ರ ನಮ್ಮ ತಂದೆಯವರ ಕಣ್ಣಿಗೆ ಬಿತ್ತು. ಧೋತರ, ಚೌಕಳಿಯ ಕೋಟು, ಬೋಳುತಲೆಯ ಎರಡು ಬದಿಗೆ ಎದ್ದು ನಿಂತ ಕೂದಲು, ಮೂಗಿನ ಮೇಲೆ ಕನ್ನಡಕ. ಯಾರೋ ಮಂತ್ರಿ ಭಾಷಣ ಮಾಡುತ್ತಿದ್ದಾನೆ, ಈ ಮುದುಕ ಸುಮ್ಮನೆ ನಿಂತು ಕೇಳುತ್ತಿದ್ದಾನೆ. ನಮ್ಮ ತಂದೆಯವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಇಂವಾ ಯಾರೋ ನಮ್ಮಂಥಾಂವನ ಅದಾನ ನೋಡಪಾ” ಎಂದು ನಕ್ಕರು. ಗಂಟಿನ ಲೆಕ್ಕ ಬರೆಯುವಾಗ ನಗುವ ಅಭ್ಯಾಸ ಅವರಿಗೆ ಇರಲಿಲ್ಲವಾದ್ದರಿಂದ ಆ ಸಂಗತಿ ನನ್ನ ನೆನಪಿನಲ್ಲಿ ಉಳಿಯಿತು.

ಆ ಚಿತ್ರವನ್ನು ಬರೆದವರು ನಮ್ಮ ಮೈಸೂರಿನವರೇ ಎಂಬುದು ನನಗೆ ತಿಳಿದದ್ದು ಮುಂದೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಓದುವಾಗ. ಅಂದಿನಿಂದ ಅವರ ಬಗ್ಗೆ ದೊರೆತದ್ದನ್ನು ಓದುತ್ತ ಬಂದಿದ್ದೇನೆ. ಧರ್ಮ-ನೀತಿಗಳ ವಿಚಾರ ಮಾಡುವ ಪತ್ರಿಕೆಯಲ್ಲಿ ನಗಿಸುವವನ ಚರಿತ್ರೆಗೇನು ಕೆಲಸವೆಂದು ವಾಚಕರು ಕೇಳಬಹುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಧಿಕಾರಸ್ಥರನ್ನು ನೋಡಿ ನಗುತ್ತ ಬದುಕಿದ ಒಬ್ಬ ಮನುಷ್ಯನು ಆ ನಗೆಯಲ್ಲಿ ದ್ವೇಷವನ್ನು ಬೆರೆಸದೆ ಇರಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಆ ಕಾರಣದಿಂದಲೇ ಈ ಬರಹ.

ವ್ಯಂಗ್ಯಚಿತ್ರವು ನಮ್ಮ ದೇಶಕ್ಕೆ ಬಂದದ್ದು ಆಂಗ್ಲರ ಮೂಲಕ. 1841ರಲ್ಲಿ ಲಂಡನ್ನಿನಲ್ಲಿ ‘ಪಂಚ್’ ಪತ್ರಿಕೆ ಆರಂಭವಾಯಿತು. ಅದನ್ನು ನೋಡಿ ಲಖನೌದಲ್ಲಿ 1877ರಲ್ಲಿ ‘ಅವಧ್ ಪಂಚ್’ ಹುಟ್ಟಿತು, ಮುಂಬಯಿಯಲ್ಲಿ ‘ಹಿಂದಿ ಪಂಚ್’ ನಡೆಯಿತು. ಆಳುವವರ ಆಯುಧವನ್ನೇ ಆಳಿಸಿಕೊಳ್ಳುವವರು ಎತ್ತಿಕೊಂಡರು ಎನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದ ಕೆ. ಶಂಕರ ಪಿಳ್ಳೆಯವರು ದೆಹಲಿಯಲ್ಲಿ ನೆಲೆಸಿ ಈ ಕಲೆಗೆ ಭಾರತೀಯ ರೂಪವನ್ನು ಕೊಟ್ಟರು. ಅವರು 1948ರಲ್ಲಿ ‘ಶಂಕರ್ಸ್ ವೀಕ್ಲಿ’ಯನ್ನು ಪ್ರಾರಂಭಿಸಿದಾಗ ತಮ್ಮನ್ನೂ ಬಿಡಬೇಡಿರೆಂದು ಪಂಡಿತ ನೆಹರೂ ಅವರೇ ಹೇಳಿದ್ದು ಪ್ರಸಿದ್ಧವಾಗಿದೆ. ಶಂಕರರ ಬೆನ್ನಿಗೇ ಬಂದ ತಲೆಮಾರಿನಲ್ಲಿ ಅಗ್ರಗಣ್ಯರು ಲಕ್ಷ್ಮಣ್.

ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆಯವರು ಮಹಾರಾಜಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಗಂಡುಮಕ್ಕಳಲ್ಲಿ ಲಕ್ಷ್ಮಣ್ ಕಡೆಯವರು. ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರಿಗಿಂತ ಹದಿನೈದು ವರ್ಷ ಹಿರಿಯ ಅಣ್ಣ. ಮನೆಗೆ ಬರುತ್ತಿದ್ದ ‘ಸ್ಟ್ರಾಂಡ್’, ‘ಪಂಚ್’ ಮುಂತಾದ ವಿಲಾಯಿತಿ ಪತ್ರಿಕೆಗಳ ಚಿತ್ರಗಳನ್ನು ಅಕ್ಷರ ಕಲಿಯುವ ಮೊದಲೇ ಈ ಬಾಲಕ ನೋಡುತ್ತಿದ್ದನು. ಸೀಮೆಸುಣ್ಣ ಕೈಗೆ ಸಿಕ್ಕರೆ ನೆಲ, ಗೋಡೆ, ಬಾಗಿಲು ಯಾವುದೂ ಉಳಿಯುತ್ತಿರಲಿಲ್ಲವಂತೆ. ಶಾಲೆಯಲ್ಲಿ ಒಮ್ಮೆ ಉಪಾಧ್ಯಾಯರು ಎಲ್ಲ ಮಕ್ಕಳಿಗೂ ಒಂದು ಎಲೆಯನ್ನು ಬರೆಯಲು ಹೇಳಿದರು. ಲಕ್ಷ್ಮಣ್ ಬರೆದ ಅರಳಿ ಎಲೆಯನ್ನು ಕಂಡು ಆ ಉಪಾಧ್ಯಾಯರು ಮೆಚ್ಚಿಕೊಂಡರು. ಅಂದಿನಿಂದ ತಾನು ಚಿತ್ರಕಾರನೆಂಬ ಭಾವನೆ ತನ್ನಲ್ಲಿ ಬೇರೂರಿತೆಂದು ಅವರು ಬರೆದುಕೊಂಡಿದ್ದಾರೆ. ಒಬ್ಬ ಉಪಾಧ್ಯಾಯರ ಒಂದು ಮಾತು ಎಷ್ಟು ದೂರ ಹೋಗುತ್ತದೆಂಬುದನ್ನು ನಮ್ಮ ಪಾಠಶಾಲೆಗಳನ್ನು ನಡೆಸುವವರು ಗಮನಿಸಬೇಕು. ಅದರ ವಿರುದ್ಧವಾದ ನನ್ನದೇ ಒಂದು ಅನುಭವವನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. ಮದರಾಸಿನ ‘ದಿ ಹಿಂದೂ’ ಪತ್ರಿಕೆಯಲ್ಲಿ ಆಗ ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಮರುಮುದ್ರಣಗೊಳ್ಳುತ್ತಿದ್ದವು. ಹಿಟ್ಲರ್, ಮುಸೊಲಿನಿಯರನ್ನು ತನ್ನ ಕುಂಚದಿಂದ ಎದುರಿಸಿದ ಮಹಾನುಭಾವ ಆತ. ಬಾಲಕ ಲಕ್ಷ್ಮಣ್ ಆ ಸಹಿಯ ಮೊದಲಕ್ಷರವನ್ನು ತಪ್ಪಾಗಿ ಓದಿ, ಚಿತ್ರಕಾರನ ಹೆಸರು ‘ಕೌ’, ಅಂದರೆ ಹಸು, ಎಂದೇ ಬಹಳ ಕಾಲ ನಂಬಿದ್ದನು. ಹೆಸರು ತಿಳಿಯದಿದ್ದರೂ ಗುರು ದೊರೆತಂತಾಯಿತು. ಲಕ್ಷ್ಮಣರ ದಪ್ಪ ಕುಂಚದ ಗೆರೆ, ಕಪ್ಪು-ಬಿಳುಪುಗಳ ಹೊಂದಾಣಿಕೆ, ಹಿನ್ನೆಲೆಯ ಕಟ್ಟಡ, ಕುರ್ಚಿ, ಕಿಟಕಿಗಳನ್ನೂ ಬಿಡದೆ ತುಂಬುವ ಶ್ರದ್ಧೆ ಇವೆಲ್ಲವುಗಳಲ್ಲಿ ಲೋ ಅವರ ಪ್ರಭಾವ ಸ್ಪಷ್ಟವಾಗಿದೆ.

ತಂದೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ಸುಮಾರು ಒಂದು ವರ್ಷದಲ್ಲಿ ತೀರಿಕೊಂಡರು. ಹಿರಿಯರು ಸಂಸಾರದ ಭಾರವನ್ನು ಹೊತ್ತುದರಿಂದ ಲಕ್ಷ್ಮಣರ ಓದು ನಿಲ್ಲಲಿಲ್ಲ. ಮುಂದೆ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಅವರು ಅರ್ಜಿ ಹಾಕಿದಾಗ, ಪ್ರವೇಶಕ್ಕೆ ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿ ಇಲ್ಲವೆಂಬ ಉತ್ತರ ಬಂದಿತು. ಆದ್ದರಿಂದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಲೇ ಅಣ್ಣನ ಕಥೆಗಳಿಗೆ ‘ದಿ ಹಿಂದೂ’ವಿನಲ್ಲಿ ಚಿತ್ರ ಬರೆದರು.

ಇಲ್ಲಿ ಕನ್ನಡಿಗರಾದ ನಾವು ಮರೆಯಬಾರದ ಒಂದು ಹೆಸರಿದೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಕಣಿ ಹೇಳುವ ಕೊರವಂಜಿ ಮನೆಯೊಳಗಿನ ಗುಟ್ಟನ್ನು ಮನೆಯವರ ಮುಖಕ್ಕೇ ಹೇಳುತ್ತಾಳೆ, ಆದರೂ ಯಾರೂ ಅವಳ ಮೇಲೆ ಸಿಟ್ಟಾಗುವುದಿಲ್ಲ, ಅಕ್ಕಿ ಕೊಟ್ಟು ಕಳಿಸುತ್ತಾರೆ. ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು. ಯುದ್ಧಕಾಲದ ಕಾಗದದ ಅಭಾವದಲ್ಲಿ ಹುಟ್ಟಿಯೂ ಅದು 1967ರವರೆಗೆ ಬಾಳಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಹಾಸ್ಯ ಬೆಳೆದದ್ದು ಅದರ ಪುಟಗಳಲ್ಲಿ. ವಿದ್ಯಾರ್ಥಿಯಾಗಿದ್ದ ಲಕ್ಷ್ಮಣರಿಂದ ಚಿತ್ರಗಳನ್ನು ಬರೆಸಿ ಪ್ರೋತ್ಸಾಹ ಕೊಟ್ಟವರು ಶಿವರಾಂ. ಮುಂದೆ ಇಂಗ್ಲಿಷ್ ಪತ್ರಿಕೆಯಲ್ಲಿ ಜಗತ್ಪ್ರಸಿದ್ಧವಾದ ಕೈ ತಾರುಣ್ಯದಲ್ಲಿ ಕನ್ನಡದ ಸಣ್ಣ ಮಾಸಪತ್ರಿಕೆಯೊಂದರಲ್ಲಿ ಪಳಗಿತು. ಒಬ್ಬ ವೈದ್ಯರು ತಮ್ಮ ವೃತ್ತಿಯ ನಡುವೆ ಇಪ್ಪತ್ತೈದು ವರ್ಷ ನಡೆಸಿದ ಈ ಕಾರ್ಯಕ್ಕೆ ಸಲ್ಲಬೇಕಾದ ಗೌರವ ಪೂರ್ತಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಪದವಿಯ ನಂತರ ಲಕ್ಷ್ಮಣ್ ಮುಂಬಯಿ ಸೇರಿದರು. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಅವರಿಗೆ ಮೊದಲ ಪೂರ್ಣಾವಧಿ ಕೆಲಸ ದೊರೆಯಿತು. ಮುಂದೆ ಶಿವಸೇನೆಯನ್ನು ಸ್ಥಾಪಿಸಿದ ಬಾಳ ಠಾಕರೆ ಅಲ್ಲಿ ಅವರ ಸಹೋದ್ಯೋಗಿ. ಇಬ್ಬರೂ ವ್ಯಂಗ್ಯಚಿತ್ರಕಾರರು, ಇಬ್ಬರ ದಾರಿಗಳೂ ಎಷ್ಟು ಬೇರೆಯಾದವು! ಅಲ್ಲಿರುವಾಗ ಒಂದು ದಿನ ಪತ್ರಿಕೆಯ ಮಾಲೀಕರು, ಕಮ್ಯುನಿಸ್ಟರನ್ನು ಇನ್ನು ಮುಂದೆ ಹಾಸ್ಯ ಮಾಡಕೂಡದೆಂದು ಅಪ್ಪಣೆ ಮಾಡಿದರು. ಲಕ್ಷ್ಮಣ್ ವಾದಕ್ಕೆ ನಿಲ್ಲದೆ ಹೊರಗೆ ಬಂದು, ಕುದುರೆ ಸಾರೋಟಿನಲ್ಲಿ ಕುಳಿತು, ನೇರವಾಗಿ ‘ಟೈಮ್ಸ್ ಆಫ್ ಇಂಡಿಯಾ’ ಕಚೇರಿಗೆ ಹೋದರು. ಅಲ್ಲಿ ದೊರೆತ ಕೋಣೆಯೇ ಅವರ ಜೀವಮಾನದ ಕರ್ಮಭೂಮಿಯಾಯಿತು.

ಈ ಪ್ರಸಂಗವನ್ನು ನಾನು ಅನೇಕ ಸಲ ಯೋಚಿಸಿದ್ದೇನೆ. ಅವರು ಕಮ್ಯುನಿಸ್ಟರ ವೈರಿಯಾಗಿದ್ದರಿಂದ ಕೆಲಸ ಬಿಟ್ಟರೆಂದು ತಿಳಿಯಬಾರದು. ಒಂದು ಪಕ್ಷವನ್ನು ಹೊರತುಪಡಿಸಿ ಉಳಿದವರನ್ನೆಲ್ಲ ನಗುವುದಾದರೆ ಆ ನಗೆ ಕೂಲಿಯ ನಗೆಯಾಗುತ್ತದೆ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ಗಿರಾಕಿಯ ಬಾಕಿಯನ್ನು ಕೀರ್ದಿಯಲ್ಲಿ ಬರೆಯದೆ ಬಿಟ್ಟರೆ ಇಡೀ ಖತಾವಣಿಯೇ ಸುಳ್ಳಾಗುತ್ತದೆ.

ನಮ್ಮ ಶಾಸ್ತ್ರಗಳು ಹಾಸ್ಯವನ್ನು ಸುಲಭವಾಗಿ ಬಿಟ್ಟಿಲ್ಲವೆಂಬುದನ್ನು ವಾಚಕರು ಬಲ್ಲರು. ನವ ನೋಕಷಾಯಗಳಲ್ಲಿ ಹಾಸ್ಯವೇ ಮೊದಲನೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯದ ತ್ಯಾಗವನ್ನೂ ಹೇಳಿದೆ. ನಗೆಯ ಭರದಲ್ಲಿ ಬಾಯಿಂದ ಸುಳ್ಳು ಹೊರಡುತ್ತದೆಂಬುದೇ ಅದರ ತಾತ್ಪರ್ಯವಾಗಿರಬೇಕು. ಆದರೆ ನಮ್ಮ ಕನ್ನಡ ಜೈನ ಕವಿಗಳೇ ವಿಡಂಬನೆಯನ್ನು ಬಳಸಿದ್ದಾರೆ. ಇಲ್ಲಿಗೆ ದೂರವಲ್ಲದ ಮುಳಗುಂದದ ನಯಸೇನನು ಕ್ರಿ.ಶ. 1112ರ ಸುಮಾರಿಗೆ ಬರೆದ ‘ಧರ್ಮಾಮೃತ’ದಲ್ಲಿ ಗಾದೆ, ಆಡುನುಡಿ, ಹಳ್ಳಿಯ ಹೋಲಿಕೆಗಳಿಂದ ಮನುಷ್ಯನ ಲೋಭ, ಡಂಭಗಳನ್ನು ನಗುತ್ತ ತೋರಿಸುತ್ತಾನೆ. ಅದೇ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯಲ್ಲಿ ಇರುವುದು ಬೇರೆ ಬಗೆಯ ನಗೆ. ಅದು ಪರಮತಗಳನ್ನು ಹರಿತವಾಗಿ ಕುಟುಕುತ್ತದೆ, ಸ್ವಮತದ ಕಡೆಗೆ ತಿರುಗುವುದಿಲ್ಲ. ಬ್ರಹ್ಮಶಿವನ ಪಾಂಡಿತ್ಯಕ್ಕೆ ಕೈಮುಗಿದೂ ನಾನು ನಯಸೇನನ ಕಡೆಗೆ ನಿಲ್ಲುತ್ತೇನೆ. ಲಕ್ಷ್ಮಣ್ ನಯಸೇನನನ್ನು ಓದಿರಲಿಕ್ಕಿಲ್ಲ. ಆದರೂ ಅವರ ಜಾತಿಯ ನಗೆ ಅದೇ.

1951ರಲ್ಲಿ ‘ಟೈಮ್ಸ್’ನ ಪುಟದಲ್ಲಿ ‘ಯು ಸೆಡ್ ಇಟ್’ ಎಂಬ ಹೆಸರಿನ ಚಿಕ್ಕ ಚಿತ್ರ ದಿನವೂ ಬರತೊಡಗಿತು. ಒಂದೇ ಅಂಕಣದ ಅಗಲದ ಈ ಬಗೆಯನ್ನು ಪಾಕೆಟ್ ಕಾರ್ಟೂನ್ ಎನ್ನುವರು. ಲಂಡನ್ನಿನ ‘ಡೇಲಿ ಎಕ್ಸ್‌ಪ್ರೆಸ್’ನಲ್ಲಿ ಆಸ್ಬರ್ಟ್ ಲಂಕಾಸ್ಟರ್ 1939ರಲ್ಲಿ ಅದನ್ನು ಬಳಕೆಗೆ ತಂದಿದ್ದರು. ಆಗ ನಮ್ಮ ಗುಳೇದಗುಡ್ಡವೂ ವಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. 1956ರ ನವೆಂಬರ್ 1ರವರೆಗೆ ಮುಂಬಯಿಯ ಸಚಿವಾಲಯದಲ್ಲಿ ಕುಳಿತವರೇ ನಮ್ಮನ್ನೂ ಆಳಿದರು. ಆ ಐದು ವರ್ಷ ಈ ಮೈಸೂರಿಗರು ಬರೆದ ಮುಂಬಯಿಯ ಮಂತ್ರಿಗಳು ನಮ್ಮ ಮಂತ್ರಿಗಳೂ ಆಗಿದ್ದರೆಂಬುದು ಒಂದು ಸ್ವಾರಸ್ಯ.

ಆ ಚಿತ್ರಗಳ ಮೂಲಕ ಪ್ರಸಿದ್ಧನಾದ ‘ಕಾಮನ್ ಮ್ಯಾನ್’, ಅಂದರೆ ನಮ್ಮ ‘ಶ್ರೀಸಾಮಾನ್ಯ’, ಹುಟ್ಟಿದ ರೀತಿ ಕುತೂಹಲಕರವಾಗಿದೆ. ಮೊದಮೊದಲು ಲಕ್ಷ್ಮಣ್ ಭಾರತದ ಪ್ರಜೆಗಳನ್ನು ತೋರಿಸಬೇಕಾದಾಗ ಬಂಗಾಲಿ, ತಮಿಳ, ಪಂಜಾಬಿ, ಗುಜರಾತಿ ಎಂದು ಪ್ರಾಂತಕ್ಕೊಬ್ಬನಂತೆ ಹಿನ್ನೆಲೆಯಲ್ಲಿ ಜನರನ್ನು ತುಂಬುತ್ತಿದ್ದರು. ದಿನವೂ ಗಡುವಿನೊಳಗೆ ಇಷ್ಟು ಮಂದಿಯನ್ನು ಬರೆಯುವುದು ಅಸಾಧ್ಯವೆನಿಸಿತು. ಒಬ್ಬೊಬ್ಬರನ್ನೇ ಬಿಡುತ್ತ ಬಂದು ಕೊನೆಗೆ ಒಬ್ಬನು ಮಾತ್ರ ಉಳಿದನು. ಯಾವ ಪ್ರಾಂತಕ್ಕೂ ಸೇರದ ಆ ಒಬ್ಬನಲ್ಲಿ ಎಲ್ಲ ಪ್ರಾಂತದವರೂ ತಮ್ಮನ್ನು ಕಂಡುಕೊಂಡರು. ಕಚೇರಿ, ಸಭೆ, ರೇಷನ್ ಅಂಗಡಿ, ವಿಮಾನ ನಿಲ್ದಾಣ ಎಲ್ಲೆಡೆ ಅವನು ಇದ್ದಾನೆ. ಅವನು ಒಂದು ಮಾತನ್ನೂ ಆಡುವುದಿಲ್ಲ. ಆಡುವವರು ಉಳಿದವರು. ಕೆಲವೊಮ್ಮೆ ಅವನ ಹೆಂಡತಿ ಎರಡು ಮಾತು ಆಡುತ್ತಾಳೆ, ಅದು ಬಹುಶಃ ಎಲ್ಲರ ಮನೆಯ ಸತ್ಯ. ಮನುಷ್ಯ ಚಂದ್ರನ ಮೇಲೆ ಇಳಿದ 1969ರ ಸಮಯದ ಚಿತ್ರವೊಂದು ಬಹು ಪ್ರಸಿದ್ಧವಾಗಿದೆ. ಅಮೆರಿಕದ ವಿಜ್ಞಾನಿಗಳ ಮುಂದೆ ನಮ್ಮವರು ಈ ಮುದುಕನನ್ನು ತಂದು ನಿಲ್ಲಿಸಿದ್ದಾರೆ. ನೀರು, ಅನ್ನ, ಬೆಳಕು, ಗಾಳಿ, ನೆಲೆ ಯಾವುದೂ ಇಲ್ಲದೆ ಬದುಕಬಲ್ಲವನು ಇವನೊಬ್ಬನೇ, ಚಂದ್ರಲೋಕಕ್ಕೆ ಇವನೇ ತಕ್ಕವನು ಎಂಬುದು ಅದರ ಭಾವ.

ನಿತ್ಯದ ದುಡಿಮೆಯ ರೀತಿಯನ್ನೂ ತಿಳಿಯಬೇಕು. ಲಕ್ಷ್ಮಣ್ ಬೆಳಿಗ್ಗೆ ಕಚೇರಿಗೆ ಬಂದು ಆ ದಿನದ ಪತ್ರಿಕೆಗಳನ್ನೆಲ್ಲ ಓದುವರು. ಗಂಟೆಗಟ್ಟಲೆ ವಿಚಾರ ಹೊಳೆಯದೆ ಕುಳಿತಿರುವರು. ಹೊಳೆದ ಬಳಿಕ ಕುಂಚ ಮತ್ತು ಕಪ್ಪು ಮಸಿಯಿಂದ ಚಿತ್ರ ಸಿದ್ಧವಾಗುವುದು. ಆ ದಿನಗಳಲ್ಲಿ ಚಿತ್ರದ ಛಾಯಾಚಿತ್ರ ತೆಗೆದು ಸತುವಿನ ತಗಡಿನ ಮೇಲೆ ಬ್ಲಾಕ್ ಮಾಡಿ ಮುದ್ರಿಸಬೇಕಾಗಿತ್ತಾದ್ದರಿಂದ ಗೆರೆ ದಿಟವಾಗಿರಲೇಬೇಕು, ಮಸುಕಾದ ಗೆರೆಗೆ ಅಲ್ಲಿ ಕ್ಷಮೆಯಿಲ್ಲ. ಮರುದಿನ ಅದೇ ಪತ್ರಿಕೆ ರದ್ದಿಯಾಗುತ್ತದೆ. ಅವರು ಮತ್ತೆ ಬಂದು ಕುಳಿತುಕೊಳ್ಳುವರು.

ಅವರ ಗೆರೆಗೆ ಸಿಕ್ಕದವರಿಲ್ಲ. ಇಂದಿರಾ ಗಾಂಧಿಯವರ ಮೂಗು ವರ್ಷ ವರ್ಷಕ್ಕೂ ಉದ್ದವಾಯಿತು, ನರಸಿಂಹರಾಯರ ತುಟಿ ಮುಂದಕ್ಕೆ ಬಂದಿತು. ಚೀನಾ ಯುದ್ಧದ ಕಾಲದಲ್ಲಿ ನೆಹರೂ ಅವರನ್ನು ಟೀಕಿಸಿ ಬರೆದ ಒಂದು ಚಿತ್ರಕ್ಕೆ ಸ್ವತಃ ನೆಹರೂ ಅವರೇ ದೂರವಾಣಿಯಲ್ಲಿ ಮಾತನಾಡಿ, ಕಟ್ಟು ಹಾಕಿಸಿಕೊಳ್ಳಲು ಸಹಿ ಮಾಡಿದ ಪ್ರತಿಯನ್ನು ಕೇಳಿದರೆಂದು ಲಕ್ಷ್ಮಣ್ ಹೇಳಿಕೊಂಡಿದ್ದಾರೆ. ಸೋಲಿನ ನೋವಿನಲ್ಲಿದ್ದ ಪ್ರಧಾನಿಯೊಬ್ಬರು ಹೀಗೆ ಮಾಡಿದ್ದು ಸಣ್ಣ ಮಾತಲ್ಲ.

ನನಗೆ ಅದು ಸಾಧ್ಯವಾಗಲಿಲ್ಲ. ಮೇಲೆ ಸೂಚಿಸಿದ ನನ್ನ ಅನುಭವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಧಾರ್ಮಿಕ ಸಂಸ್ಥೆಯ ಖಜಾಂಚಿತನ ನನ್ನ ಪಾಲಿಗೆ ಬಂದಿತ್ತು. ಉತ್ಸವದ ಸಮಯದಲ್ಲಿ ಹುಡುಗರು ಕೈಬರಹದ ಭಿತ್ತಿಪತ್ರಿಕೆಯೊಂದನ್ನು ಮಾಡಿದರು. ಅದರಲ್ಲಿ ಒಬ್ಬ ಬಾಲಕ ವಿಶ್ವಸ್ತರ ಸಭೆಯ ಚಿತ್ರ ಬರೆದಿದ್ದನು. ಎಲ್ಲರೂ ಏಕಕಾಲಕ್ಕೆ ಮಾತನಾಡುತ್ತಿದ್ದಾರೆ, ಮೂಲೆಯಲ್ಲಿ ಒಬ್ಬನು ತಿಜೋರಿಯ ಮೇಲೆ ಕಾವು ಕೂತ ಕೋಳಿಯಂತೆ ಕುಳಿತಿದ್ದಾನೆ. ಕನ್ನಡಕ ನನ್ನದೇ. ನೋಡಿದವರು ನಕ್ಕರು. ನಾನು ಶಿಸ್ತಿನ ಮಾತು ಎತ್ತಿ ಆ ಹಾಳೆಯನ್ನು ತೆಗೆಸಿದೆ. ಛಾವಣಿಯ ದುರಸ್ತಿಗೆ ಹಣ ಬಿಡುಗಡೆ ಮಾಡದೆ ಎರಡು ಮಳೆಗಾಲ ಕಳೆದಿದ್ದೆ ಎಂಬುದು ಊರಿಗೆಲ್ಲ ತಿಳಿದಿತ್ತು. ಬಾಲಕ ಬರೆದದ್ದು ಅದನ್ನೇ. ಮುಂದಿನ ವರ್ಷ ಭಿತ್ತಿಪತ್ರಿಕೆಗೆ ಅವನು ಏನನ್ನೂ ಕೊಡಲಿಲ್ಲ. ಛಾವಣಿಯನ್ನು ಮಾತ್ರ ಆ ಬೇಸಿಗೆಯಲ್ಲಿಯೇ ಮಾಡಿಸಿದೆ.

ರಾಜ್ಯವೇ ಹೀಗೆ ಹಾಳೆಯನ್ನು ತೆಗೆಸಲು ನಿಂತ ಕಾಲವೂ ಬಂದಿತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ಅದೇ ವರ್ಷ ಶಂಕರರು ತಮ್ಮ ವಾರಪತ್ರಿಕೆಯನ್ನು ಮುಚ್ಚಿದರು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿಯೇ ಸುಗ್ರೀವಾಜ್ಞೆಗಳಿಗೆ ಸಹಿ ಹಾಕುವಂತೆ ಅಬು ಅಬ್ರಹಾಂ ಬರೆದ ಚಿತ್ರ ಹೇಗೋ ಪಾರಾಗಿ ಪ್ರಕಟವಾಯಿತು. ಲಕ್ಷ್ಮಣ್ ದೆಹಲಿಗೆ ಹೋಗಿ ಪ್ರಧಾನಿಯವರನ್ನೇ ಕಂಡರು. ಕೆಲಕಾಲ ಕೆಲಸ ನಡೆಯಿತು. ಆ ಮೇಲೆ ವಾರ್ತಾ ಸಚಿವ ವಿ. ಸಿ. ಶುಕ್ಲರ ಕಡೆಯಿಂದ ಕಠಿಣವಾದ ಎಚ್ಚರಿಕೆ ಬಂದಿತು. ಲಕ್ಷ್ಮಣ್ ರಜೆ ಹಾಕಿ ಮಾರಿಷಸ್ ದ್ವೀಪಕ್ಕೆ ಹೋದರು, ಈ ವೃತ್ತಿಯನ್ನೇ ಬಿಡುವ ಯೋಚನೆಯೂ ಅವರಿಗೆ ಬಂದಿತ್ತು. 1977ರಲ್ಲಿ ಚುನಾವಣೆ ಘೋಷಣೆಯಾದಾಗ ಮತ್ತೆ ಕುಂಚ ಹಿಡಿದರು. ಅವರು ಸೆರೆಮನೆಗೆ ಹೋಗಬೇಕಿತ್ತೆಂದು ಹೇಳುವವರಿದ್ದಾರೆ. ಅಂದು ಬಾಯಿ ತೆರೆಯದ ಊರುಗಳಲ್ಲಿ ಬೆಳೆದ ನಮ್ಮಂಥವರು ಆ ಮಾತು ಆಡುವುದು ಸರಿಯಲ್ಲ. ಆಳುವವರಿಗೆ ಬೇಕಾದ ಚಿತ್ರವನ್ನು ಅವರು ಬರೆದುಕೊಡಲಿಲ್ಲ ಎಂಬಷ್ಟಕ್ಕೆ ನನ್ನ ಗೌರವವಿದೆ.

ಅವರ ಶ್ರೀಸಾಮಾನ್ಯನ ಬಗ್ಗೆ ನನ್ನದೊಂದು ತಕರಾರು ಇದೆ. ಅವನಿಗೆ ಕೋಟು ಇದೆ. ನಮ್ಮೂರಿನ ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತು ಖಣ ನೇಯುತ್ತಿದ್ದ ನೇಕಾರನಿಗೆ ಮೈಮೇಲೆ ಅಂಗಿಯೂ ಇರುತ್ತಿರಲಿಲ್ಲ. ಅವನು ಆ ಚಿತ್ರಗಳಲ್ಲಿ ಬಂದರೆ ಬರಗಾಲದ ಬಡವನಾಗಿ, ಗುಡಿಸಲಿನವನಾಗಿ ಬರುತ್ತಾನೆ; ನೋಡುವವನಾಗಿ ಬರುವುದಿಲ್ಲ. ನೋಡುವ ಅಧಿಕಾರ ಕೋಟಿನವನದೇ. ನಮ್ಮ ತಂದೆಯವರು ‘ನಮ್ಮಂಥವನು’ ಎಂದದ್ದು ಅಂಗಡಿಕಾರರಾಗಿ ಎಂಬುದು ಈಗ ನನಗೆ ಅರ್ಥವಾಗುತ್ತದೆ. ಅವನ ಮೌನವೂ ಒಮ್ಮೊಮ್ಮೆ ನನಗೆ ಬೇಸರ ತರುತ್ತದೆ. ಒಂದು ಸಲವಾದರೂ ಅವನು ಮಂತ್ರಿಯನ್ನು ತಿರುಗಿ ಕೇಳಬಾರದಿತ್ತೇ?

ಉಳಿದ ಕೃತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಣ್ಣದ ಡಬ್ಬಿಯ ಮೇಲಿನ ತುಂಟ ಬಾಲಕ ‘ಗಟ್ಟು’ವನ್ನು ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ 1954ರಲ್ಲಿ ಬರೆದವರು ಅವರೇ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಅಣ್ಣನ ಕಥೆಗಳಿಗೆ ತಮ್ಮನ ರೇಖಾಚಿತ್ರಗಳು ಮನೆಮನೆಗೂ ಮುಟ್ಟಿದವು. ಕಾದಂಬರಿಗಳನ್ನೂ ‘ದಿ ಟನಲ್ ಆಫ್ ಟೈಮ್’ ಎಂಬ ಆತ್ಮಕಥೆಯನ್ನೂ ಬರೆದರು. ಕಾಗೆಯೆಂದರೆ ಅವರಿಗೆ ಬಾಲ್ಯದಿಂದಲೂ ಪ್ರೀತಿ. ಎಲ್ಲರೂ ಅಟ್ಟುವ ಆ ಪಕ್ಷಿಯ ಚಿತ್ರಗಳನ್ನು ನೂರಾರು ಬಗೆಯಲ್ಲಿ ಬರೆದು ಪ್ರದರ್ಶನ ಮಾಡಿದರು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 1988ರಲ್ಲಿ ‘ಟೈಮ್ಸ್’ 150 ವರ್ಷ ಪೂರೈಸಿದಾಗ ಅಂಚೆ ಇಲಾಖೆ ಹೊರಡಿಸಿದ ಚೀಟಿಯ ಮೇಲೆ ಶ್ರೀಸಾಮಾನ್ಯನೇ ನಿಂತನು.

2003ರಲ್ಲಿ ಪಾರ್ಶ್ವವಾಯು ಅವರ ಎಡಭಾಗವನ್ನು ಹಿಡಿಯಿತು. ಬಲಗೈ ಉಳಿದುದರಿಂದ ಮತ್ತೆ ಬರೆಯತೊಡಗಿದರು. 2010ರಲ್ಲಿ ಅದೇ ವ್ಯಾಧಿ ಮರಳಿ ಬಂದು ಮಾತನ್ನು ಕಸಿದುಕೊಂಡಿತು. ಜೀವಮಾನವೆಲ್ಲ ಮಾತಿಲ್ಲದವನೊಬ್ಬನನ್ನು ಬರೆದವರು ಕೊನೆಯ ವರ್ಷಗಳನ್ನು ಪುಣೆಯಲ್ಲಿ ಮಾತಿಲ್ಲದೆಯೇ ಕಳೆದರು. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಣೆಯ ಸಿಂಬಯೋಸಿಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಶ್ರೀಸಾಮಾನ್ಯನ ಕಂಚಿನ ಪ್ರತಿಮೆ 2001ರಿಂದ ನಿಂತಿದೆ. ಸಾರ್ವಜನಿಕರ ದರ್ಶನಕ್ಕೆಂದು ಅವರ ಪಾರ್ಥಿವ ಶರೀರವನ್ನು ಮರುದಿನ ಇರಿಸಿದ್ದು ಆ ಆವರಣದಲ್ಲಿಯೇ. ಧೋತರ, ಚೌಕಳಿಯ ಕೋಟಿನ ಆ ಮುದುಕ ಎಂದಿನಂತೆ ಕೈಗಳನ್ನು ಹಿಂದೆ ಕಟ್ಟಿಕೊಂಡು ಅಲ್ಲಿ ನಿಂತಿದ್ದನು.